ಜಡೆಯಲ್ಲಿ ನಿಂತ ವಿಷ

ಹೊರರೋಗಿಗಳ ಸಾಲು ಕರಗಿ, ಊಟದ ಡಬ್ಬಿ ಬಿಚ್ಚೋಣವೆಂದು ಕೂತಾಗ ಟಂಟಂ ಆಟೋವೊಂದು ಆಸ್ಪತ್ರೆಯ ಮೆಟ್ಟಿಲವರೆಗೂ ಬಂದು ನಿಂತಿತು. ಗೇಟಿನ ಹೊರಗೇ ನಿಲ್ಲುವ ಆ ಗಾಡಿಗಳು ಮೆಟ್ಟಿಲವರೆಗೆ ಬಂದವೆಂದರೆ ಡಬ್ಬಿ ಮುಚ್ಚಬೇಕು ಎಂಬುದು ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿದವರಿಗೆಲ್ಲ ಗೊತ್ತು. ಮುಚ್ಚಿ ಎದ್ದೆ. ಹಿಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು ವಯಸ್ಸಾದ ಹೆಂಗಸಿನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈ ಬೆವರಿನಲ್ಲಿ ತೊಯ್ದಿತ್ತು. ಕೈಯಲ್ಲಿ ಸಲೈನ್ ಸೂಜಿ ಹಾಗೆಯೇ ಇತ್ತು, ಅದರ ಮೇಲಿನ ಅಂಟುಪಟ್ಟಿ ಹೊಸದು. ಅಂದರೆ ನಮ್ಮಲ್ಲಿಗೆ ಬರುವ ಮೊದಲು ಬೇರೆಲ್ಲೋ ಮಲಗಿ ಬಂದಿದ್ದಳು.

"ಎಲ್ಲಿ ತೋರಿಸೀರಿ?" ಎಂದು ಜೊತೆಗಿದ್ದ ಗಂಡಸನ್ನು ಕೇಳಿದೆ. ಆತ ಅವಳ ಗಂಡ. ಡಾಕ್ಟರಮ್ಮನನ್ನು ನಮ್ಮ ಕಡೆಯವರು 'ಬಾಯಾರ' ಎನ್ನುತ್ತಾರೆ, ಆತನೂ ಹಾಗೇ ಕರೆದ.

"ಬಸ್ ಸ್ಟ್ಯಾಂಡ್ ಕಡಿ ಖಾಸಗಿ ದವಾಖಾನ್ಯಾಗರಿ ಬಾಯಾರ. ವಾಂತಿ-ಭೇದಿ ಅಂದ್ರು. ಬಾಟ್ಲಿ ಹಚ್ಚಿದ್ರು, ಸೂಜಿ ಮಾಡಿದ್ರು. ಈಗ ಉಸುರು ಹಿಡ್ಯಾಕತ್ತದ, ಕಲಬುರಗಿಗೆ ಒಯ್ರಿ ಅಂದ್ರು."

"ಚೀಟಿ ಕೊಟ್ಟಾರೇನು?"

"ಇಲ್ರಿ."

"ಅಂಬುಲೆನ್ಸ್?"

"ಟಂಟಂ ಮಾಡ್ಕೊಂಡು ಲಗೂನ ಹೋಗ್ರಿ ಅಂದ್ರು."

ತೊಡೆ ಕೊಟ್ಟು ಕೂತಿದ್ದವಳು ಅತ್ತೆ. "ಕಲಬುರಗಿ ಮುಟ್ಟೂದಿಲ್ಲ ಈ ಜೀವ ಅಂತ ನಾನೇ ಇತ್ತಾಗ ತಿರುವ್ಸೀನವ್ವಾ" ಎಂದಳು. ಆ ಮುದುಕಿ ಅಂದು ತೆಗೆದುಕೊಂಡ ಆ ಒಂದು ತೀರ್ಮಾನವಿಲ್ಲದಿದ್ದರೆ ನಾನು ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ. ಸುರಪುರದವರ ಗುಣ ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಚೀಟಿಯಿಲ್ಲ, ಗಾಡಿಯಿಲ್ಲ, ಆಮ್ಲಜನಕವಿಲ್ಲ, ಉಸಿರು ನಿಲ್ಲುತ್ತಿರುವ ರೋಗಿಯನ್ನು ಸಂತೆಗೆ ಹೋಗುವ ಮೂರು ಗಾಲಿಯ ಗಾಡಿಯಲ್ಲಿ ಕೂರಿಸಿ ಕಳಿಸಿದ್ದರು. ಆದರೆ ಸಿಟ್ಟಿಗೆ ಅದು ಹೊತ್ತಲ್ಲ. ಟೇಬಲ್ ಮೇಲೆ ಹಾಕಿಸಿ ಮೊದಲು ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟಾಗಿದ್ದವು. ನಾಡಿ ನಿಧಾನ. ಎದೆಗೆ ಸ್ಟೆತ್ ಇಟ್ಟರೆ ಎರಡೂ ಕಡೆ ನೀರು ಗುಳುಗುಟ್ಟುವ ಸದ್ದು. ತೋಳಿನ ಸ್ನಾಯುಗಳು ಚರ್ಮದಡಿ ಮಿಡುಕುತ್ತಿದ್ದವು. ಹತ್ತಿರ ಬಗ್ಗಿದರೆ ಬೆಳ್ಳುಳ್ಳಿ ಕೊಳೆತಂಥ ವಾಸನೆ. ಇಷ್ಟು ಸಿಕ್ಕ ಮೇಲೆ ಪುಸ್ತಕ ತೆಗೆಯಬೇಕಾಗಿಲ್ಲ. ಕಾಲುವೆ ನೀರು ಬಂದು ಭತ್ತ, ಹತ್ತಿ ಹೆಚ್ಚಿದಾಗಿನಿಂದ ಶಹಾಪುರ ಸೀಮೆಯ ವೈದ್ಯರು ಇದನ್ನು ನೋಡುತ್ತಲೇ ಬಂದಿದ್ದಾರೆ. ಕೀಟನಾಶಕದ ವಿಷ. ನಮ್ಮ ಕಡೆ ಅದಕ್ಕೆ 'ಎಣ್ಣಿ' ಎಂದೇ ಹೆಸರು.

ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅತ್ತೆ ಶುರುಮಾಡಿದಳು. "ಕುಡದಿಲ್ಲವ್ವಾ! ನನ್ನ ಕಣ್ಣಾಣಿ ಕುಡದಿಲ್ಲ. ಅಲ್ಲೂ ಅದನ್ನೇ ಕೇಳಿದ್ರು. ನಮ್ಮ ಮನ್ಯಾಗ ಜಗಳಿಲ್ಲ, ತಂಟಿಲ್ಲ."

ಅವಳ ಗಾಬರಿ ನನಗೆ ಅರ್ಥವಾಗುತ್ತಿತ್ತು. ಹರೆಯದ ಸೊಸೆ ಎಣ್ಣೆ ಕುಡಿದಳು ಎಂದರೆ ಪೊಲೀಸರು ಮೊದಲು ಬರುವುದು ಗಂಡನ ಮನೆಗೆ. ಹೀಗಾಗಿ ಕುಡಿದಿದ್ದರೂ ಕುಡಿದಿಲ್ಲ ಎನ್ನುತ್ತಾರೆ, ಕುಡಿಯದಿದ್ದರೂ ಕುಡಿದಿಲ್ಲ ಎನ್ನುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ನಾನು ಕೇಳುವುದೇ ಇಲ್ಲ.

"ಮುಂಜಾನಿಂದ ಏನ್ ಕೆಲಸ ಮಾಡಿದ್ಲು, ಅದನ್ನ ಹೇಳು" ಎಂದೆ.

"ಸಗರ ಊರಾಗ ಕಾಲುವಿ ಕೆಳಗಿನ ಗದ್ದಿಗೆ ಕೂಲಿ ಹೋಗಿದ್ಲರಿ" ಎಂದ ಗಂಡ. "ಎಣ್ಣಿ ಹೊಡ್ಯಾಕತ್ತಿದ್ರು. ಇಕಿ ಹೊಡ್ಯಂಗಿಲ್ರಿ, ಬರೇ ನೀರು ಹೊರತಾಳ."

"ಬರೇ ನೀರೋ, ಎಣ್ಣಿ ಕಲಸಿದ ನೀರೋ?"

ಆತ ಸ್ವಲ್ಪ ಯೋಚಿಸಿದ. "ಕಲಸಿದ್ದರಿ. ಕಾಲುವಿ ದಂಡಿಗೆ ಕೊಡದಾಗ ಕಲಸ್ತಾರ. ಪಂಪಿನವರ ತನಕ ಹೊತ್ತು ಒಯ್ತಾರ."

ಕುಡಿಯದೆಯೂ ವಿಷ ಏರುತ್ತದೆ. ಚರ್ಮದ ಮೂಲಕ, ಒದ್ದೆ ಬಟ್ಟೆಯ ಮೂಲಕ, ನಿಧಾನವಾಗಿ. ಆ ಇನ್ನೊಂದು ಆಸ್ಪತ್ರೆಯ ವೈದ್ಯರು ಕುಡಿದಿದ್ದಾಳೆಯೇ ಎಂದು ಕೇಳಿದ್ದರು, ಇಲ್ಲ ಎಂಬ ನಿಜವಾದ ಉತ್ತರ ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಿದ್ದರು. ತೊಯ್ದ ಸೀರೆಯಲ್ಲೇ ಮಲಗಿಸಿ ಸಲೈನ್ ಏರಿಸಿದ್ದರು. ಬಾಟ್ಲಿ ಇಳಿಯುವಷ್ಟು ಹೊತ್ತೂ ವಿಷ ಒಳಗೆ ಇಳಿಯುತ್ತಲೇ ಇತ್ತು.

ಗಂಡಸರನ್ನು ಹೊರಗೆ ಕಳಿಸಿ ಪರದೆ ಎಳೆದೆವು. ಸಿಸ್ಟರ್ ಮತ್ತು ನಾನು ಕೈಗವಸು ಹಾಕಿಕೊಂಡು ಸೀರೆ, ಕುಪ್ಪಸ ಎಲ್ಲ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆವು. ಸೋಪಿನ ನೀರಿನಲ್ಲಿ ಮೈ ತಿಕ್ಕಿದೆವು. ಜೊತೆಜೊತೆಗೇ ಈ ವಿಷಕ್ಕೆ ಪ್ರತಿಮದ್ದಾದ ಅಟ್ರೊಪಿನ್ ಶುರುವಾಯಿತು. ಈ ಔಷಧಕ್ಕೆ ಇಷ್ಟೇ ಎಂಬ ಲೆಕ್ಕವಿಲ್ಲ. ಕೊಡಬೇಕು, ಕೆಲವು ನಿಮಿಷ ಕಾಯಬೇಕು, ಎದೆ ಕೇಳಬೇಕು, ಸಾಲದಿದ್ದರೆ ಹಿಂದಿನದರ ಎರಡು ಪಟ್ಟು ಕೊಡಬೇಕು. ಎದೆಯ ನೀರು ಒಣಗಿ, ನಾಡಿ ಏರಿ, ಕಂಕುಳು ಒಣಗುವವರೆಗೂ ನಿಲ್ಲಿಸುವಂತಿಲ್ಲ. ಸಿಸ್ಟರ್ ಮತ್ತೆ ಮತ್ತೆ ಅವಳ ಕಂಕುಳಿಗೆ ಬೆರಳಿಟ್ಟು "ಇನ್ನೂ ಹಸಿ ಅದರಿ ಮೇಡಂ" ಎನ್ನುತ್ತಿದ್ದರು. ಜೊಲ್ಲು ಹೀರುವ ಯಂತ್ರ ಒಂದೇ ಸಮ ಗೊರಗುಟ್ಟುತ್ತಿತ್ತು. ಕೊನೆಗೆ "ಒಣಗ್ಯಾದರಿ" ಎಂದರು. ಎದೆಯೂ ತಿಳಿಯಾಗಿತ್ತು. ನಾನು ಕುರ್ಚಿಗೆ ಒರಗಿ ನೀರು ಕುಡಿದೆ.

ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕಿತ್ತು, ಅಲ್ಲಿ ವೆಂಟಿಲೇಟರ್ ಇದೆ. ಆದರೆ ನಮ್ಮ ಅಂಬುಲೆನ್ಸ್ ಗಾಡಿ ಹೆರಿಗೆಯ ಕೇಸೊಂದನ್ನು ಕರೆದುಕೊಂಡು ಹೋಗಿತ್ತು. ಅದು ಬರುವಷ್ಟರಲ್ಲಿ ಇವಳನ್ನು ಸ್ಥಿರಗೊಳಿಸಿಕೊಂಡರಾಯಿತು ಎಂದುಕೊಂಡೆ.

ಆದರೆ ಸ್ವಲ್ಪ ಹೊತ್ತಿಗೇ ಸಿಸ್ಟರ್ ಕೂಗಿದರು. ಕಂಕುಳು ಮತ್ತೆ ಹಸಿಯಾಗಿತ್ತು. ಜೊಲ್ಲು ಮತ್ತೆ ಬರತೊಡಗಿತ್ತು. ಮತ್ತೆ ಅಟ್ರೊಪಿನ್, ಮತ್ತೆ ಕಾಯುವುದು. ಒಣಗಿತು. ಇನ್ನೊಮ್ಮೆ ಹಸಿಯಾಯಿತು. ಟ್ರೇನಲ್ಲಿ ಒಡೆದ ಗಾಜಿನ ಆಂಪೂಲುಗಳು ರಾಶಿ ಬಿದ್ದವು. ಔಷಧ ಕೋಣೆಯವನು ಬಂದು, "ಮೇಡಂ, ಇದು ಆಖರಿ ಡಬ್ಬಿ" ಎಂದು ಇಟ್ಟು ಹೋದ. ಔಷಧವೇ ಸತ್ವ ಕಳೆದುಕೊಂಡಿದೆಯೋ ಎಂದು ಅನುಮಾನಿಸಿದೆ. ಆದರೆ ನಾಡಿ ಪ್ರತಿ ಸಲ ಸರಿಯಾಗಿಯೇ ಏರುತ್ತಿತ್ತು, ಔಷಧದಲ್ಲಿ ದೋಷವಿರಲಿಲ್ಲ. ಒಂದು ಕ್ಷಣ ನನ್ನ ತಲೆಗೂ ಅದೇ ಬಂತು: ಕುಡಿದೇ ಇರಬೇಕು, ಹೊಟ್ಟೆಯಲ್ಲಿದೆ. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಯ ನೀರು ತೆಗೆದು ಮೂಸಿದೆ. ಹುಳಿ ವಾಸನೆಯಷ್ಟೇ ಬಂತು, ಎಣ್ಣೆಯದಲ್ಲ. ಹಾಗಿದ್ದರೆ ವಿಷ ಎಲ್ಲಿಂದ ಬರುತ್ತಿದೆ?

ಜೊಲ್ಲು ಹೀರಲು ತಲೆಯ ಕಡೆ ಬಗ್ಗಿದಾಗ ಆ ಬೆಳ್ಳುಳ್ಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ದಿಂಬು ತೊಯ್ದಿತ್ತು. ಅವಳ ತಲೆಗೆ ಸಿಸ್ಟರ್ ಒಂದು ಬಿಳಿ ಬಟ್ಟೆ ಸುತ್ತಿದ್ದರು. ಬಿಚ್ಚಿದೆ. ಒಳಗೆ ನೆತ್ತಿಯ ಮೇಲೆ ಚಕ್ಕುಲಿ ಸುತ್ತಿದಂತೆ ಸುತ್ತಿಟ್ಟ ದಪ್ಪನೆಯ ಜಡೆ. ಹೆಣೆದದ್ದಲ್ಲ, ಕೂದಲು ತಾನಾಗಿ ಗಂಟುಗಟ್ಟಿ ಕಂಬಳಿಯಾಗಿ ಬೆಳೆದ ಜಡೆ. ಎಲ್ಲಮ್ಮನಿಗೆ ಬಿಟ್ಟದ್ದು. ಅದಕ್ಕೆ ಬಾಚಣಿಗೆ, ಕತ್ತರಿ ಮುಟ್ಟಿಸುವುದಿಲ್ಲ, ಅರಿಶಿನ ಹಚ್ಚಿ ಪೂಜೆ ಮಾಡುತ್ತಾರೆ. ಮೈ ತೊಳೆಯುವಾಗ ಸಿಸ್ಟರ್ ಭಕ್ತಿಯಿಂದ ಅದನ್ನು ಮುಟ್ಟದೆ ಬಿಟ್ಟಿದ್ದರು.

"ಇದರ ಮ್ಯಾಲೆ ಹೊತ್ತಾಳೇನು ಕೊಡ?" ಎಂದು ಅತ್ತೆಯನ್ನು ಕೇಳಿದೆ.

"ಹೌದವ್ವಾ. ಉಳಿದವ್ರು ಕೊಡದ ಕೆಳಗ ಅರಿವಿ ಸಿಂಬಿ ಇಟ್ಕೋತಾರ. ಇಕಿಗೆ ಜಡಿನೇ ಸಿಂಬಿ. ತಾಯಿ ಹೊರತಾಳ ಭಾರ ಅಂತಾಳ."

ಕೊಡ ಹೊತ್ತು ಗದ್ದೆಯ ಬದುವಿನ ಮೇಲೆ ನಡೆದವಳ ತಲೆಯ ಮೇಲೆ ಹೆಜ್ಜೆಗೊಮ್ಮೆ ತುಳುಕಿದ ನೀರನ್ನೆಲ್ಲ ಆ ಜಡೆ ಹೀರಿಕೊಂಡಿತ್ತು. ಈಗ ಅದನ್ನು ನೆತ್ತಿಗೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಿತ್ತು. ನಾವು ಎಷ್ಟು ಅಟ್ರೊಪಿನ್ ಸುರಿದರೂ ಅಷ್ಟೇ.

ಮೊದಲು ತೊಳೆಯಲು ನೋಡಿದೆ. ಬಕೆಟ್‌ಗಟ್ಟಲೆ ಸೋಪಿನ ನೀರು ಹೊಯ್ದು, ಎರಡೂ ಕೈಯಿಂದ ಹಿಂಡಿದೆ. ಪ್ರತಿ ಸಲ ಹಿಂಡಿದಾಗಲೂ ವಾಸನೆಯ ನೀರು ಬಂತು. ಬುಡದಲ್ಲಿ ಬೆರಳು ತೂರುವಷ್ಟೂ ಸಂದಿರಲಿಲ್ಲ, ನೆತ್ತಿಯ ಚರ್ಮಕ್ಕೆ ನೀರು ತಲುಪಲೇ ಇಲ್ಲ. ಅಷ್ಟರಲ್ಲಿ ಅವಳ ಉಸಿರು ಮತ್ತೆ ಗೊರಗೊರ ಎನ್ನತೊಡಗಿತು.

"ಇದನ್ನ ಕೊಯ್ಯಬೇಕು" ಎಂದೆ.

ಅತ್ತೆ ಬಂದು ಎರಡೂ ಕೈಯಿಂದ ಸೊಸೆಯ ತಲೆ ಮುಚ್ಚಿ ಹಿಡಿದಳು. "ಬ್ಯಾಡವ್ವಾ. ನಿನ್ನ ಕಾಲ ಬೀಳ್ತೀನಿ. ಜಡಿ ಕೊಯ್ದ್ರ ಮನಿ ಉಳಿಯೂದಿಲ್ಲ. ಮದ್ದು ಎಷ್ಟರ ಕೊಡು, ಇದೊಂದು ಬಿಡು."

"ಯಮ್ಮಾ, ಕೈ ತಗಿ. ನಿನಗೂ ಏರತದ ಎಣ್ಣಿ. ಜಡಿ ಇಟ್ರ ಹುಡುಗಿ ಉಳ್ಯಂಗಿಲ್ಲ."

ಗಂಡನನ್ನು ಒಳಗೆ ಕರೆಸಿದೆ. ಎರಡೇ ಮಾತಿನಲ್ಲಿ ವಿಷಯ ಹೇಳಿದೆ. ಆತ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

"ನಾ ಏನ್ ಹೇಳ್ಲಿರಿ ಬಾಯಾರ. ಅದು ನಂದಲ್ರಿ, ದೇವ್ರದು."

ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಕೇಳಿದೆ. ಕಣ್ಣು ಅರೆ ತೆರೆದಿತ್ತು, ಉತ್ತರ ಬರಲಿಲ್ಲ. ಸಿಸ್ಟರ್ ಕತ್ತರಿಯ ಟ್ರೇ ತಂದಿಟ್ಟು ಹಿಂದೆ ಸರಿದರು. "ನನ್ನ ಕೈಲೆ ಆಗೂದಿಲ್ರಿ ಮೇಡಂ. ಬೇಕಾದ್ರ ಮೆಮೋ ಕೊಡ್ರಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಸಿಸ್ಟರ್. ನಾನು ಬೈಯಲಿಲ್ಲ, ಬೈಯುವ ಪುರಸೊತ್ತೂ ಇರಲಿಲ್ಲ.

ಒಪ್ಪಿಗೆಯಿಲ್ಲದೆ ರೋಗಿಯ ಮೈಯ ಒಂದು ಕೂದಲನ್ನೂ ಮುಟ್ಟಬಾರದು ಎಂದು ನಮಗೆ ಕಲಿಸುತ್ತಾರೆ. ಪ್ರಾಣ ಹೋಗುವ ಹೊತ್ತಿನಲ್ಲಿ, ಕೇಳಿದರೆ ಹೇಳುವ ಸ್ಥಿತಿಯಲ್ಲಿ ರೋಗಿ ಇಲ್ಲದಾಗ, ಒಪ್ಪಿಗೆಗೆ ಕಾಯುತ್ತ ಕೂರಬಾರದು ಎಂದೂ ಕಲಿಸುತ್ತಾರೆ. ಎರಡನೆಯದನ್ನು ಮಾಡಿದೆ. ಪ್ಲಾಸ್ಟರ್ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡೆ. ಬುಡಕ್ಕೆ ಹಾಕಿದೆ. ನನಗೆ ಹೆದರಿಕೆಯಾಗಿತ್ತು. ಕಾನೂನಿನ ಹೆದರಿಕೆಯಷ್ಟೇ, ದೇವಿಯದಲ್ಲ ಎಂದರೆ ಸುಳ್ಳಾಗುತ್ತದೆ. ನಾನೂ ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಜಡೆ ಸುಲಭಕ್ಕೆ ತುಂಡಾಗಲಿಲ್ಲ, ಹಗ್ಗ ಕೊಯ್ದಂತೆ ಎಳೆ ಎಳೆಯಾಗಿ ಕೊಯ್ಯಬೇಕಾಯಿತು. ಕೊಯ್ಯುವಷ್ಟು ಹೊತ್ತೂ ಅತ್ತೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೆಳಗಿನ ನೆತ್ತಿ ಕೆಂಪಗೆ, ಒದ್ದೆಯಾಗಿ ಇತ್ತು. ಉಳಿದದ್ದನ್ನು ಬೋಳಿಸಿ ತೊಳೆದೆವು. ತೊಳೆಯುವಾಗ ಸಿಸ್ಟರ್ ಮುಂದೆ ಬಂದು ನೀರು ಹಾಕಿದರು.

ಆಮೇಲೆ ಕೊಟ್ಟ ಅಟ್ರೊಪಿನ್ ಕೆಲಸಕ್ಕೆ ಬಂತು. ಕಂಕುಳು ಒಣಗಿತು, ಒಣಗಿಯೇ ಉಳಿಯಿತು. ನಾನು ಗಳಿಗೆಗೊಮ್ಮೆ ಎದೆ ಕೇಳುತ್ತ ಕೂತಿದ್ದೆ, ನಂಬಿಕೆ ಬರುತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಗಾಡಿ ಬಂತು. ಯಾದಗಿರಿಯ ವೈದ್ಯರಿಗೆ ಫೋನ್ ಮಾಡಿ ಏನೇನು ಕೊಟ್ಟಿದ್ದೇನೆ, ಎಷ್ಟು ಕೊಟ್ಟಿದ್ದೇನೆ ಎಂದು ಹೇಳಿ, ಆಮ್ಲಜನಕ ಹಚ್ಚಿ, ಸಿಸ್ಟರನ್ನು ಜೊತೆಗೆ ಕೂರಿಸಿ ಕಳಿಸಿದೆ. ಅಲ್ಲಿ ಕೆಲವು ದಿನ ವೆಂಟಿಲೇಟರ್ ಮೇಲಿದ್ದಳು. ಉಳಿದಳು.

ಗಾಡಿ ಹೊರಡುವ ಮುಂಚೆ ಅತ್ತೆ ಕೇಳಿದಳು, "ಜಡಿ ಕೊಡವ್ವಾ. ತಿಂಥಣಿಗೆ ಒಯ್ದು ಹೊಳಿಗೆ ಬಿಡ್ತೀನಿ." ಕೊಡಲಾಗುವುದಿಲ್ಲ, ಅದರಲ್ಲಿ ವಿಷವಿದೆ, ಆ ಹೊಳೆಯ ನೀರನ್ನು ಜನ ಕುಡಿಯುತ್ತಾರೆ ಎಂದೆ. "ಹಂಗಾರ ಏನ್ ಮಾಡ್ತಿ?" ಎಂದಳು. ಆಸ್ಪತ್ರೆಯ ಕಸದ ಜೊತೆ ಸುಡುತ್ತಾರೆ ಎಂದು ಹೇಳಬೇಕಾಯಿತು. ಹೇಳಿದೆ. ಅವಳು ಗಾಡಿ ಹತ್ತಿದಳು. ಆ ದಿನದ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಆ ಒಂದು ಉತ್ತರ.

ಎರಡು ದಿನ ಬಿಟ್ಟು ಆ ಖಾಸಗಿ ಆಸ್ಪತ್ರೆಯ ವೈದ್ಯರು ಫೋನ್ ಮಾಡಿದರು. ನನಗಿಂತ ಹಿರಿಯರು, ಊರಿನಲ್ಲಿ ಒಳ್ಳೆಯ ಹೆಸರಿದೆ, ಎದುರು ಸಿಕ್ಕರೆ ನಾನೇ ಮೊದಲು ನಮಸ್ಕಾರ ಮಾಡುತ್ತೇನೆ. "ಮೇಡಂ, ಅಂದು ಭಾಳ ಗದ್ದಲಿತ್ತು. ಕುಡಿದಿಲ್ಲ ಅಂತ ಮನೆಯವರೇ ಹೇಳಿದ್ರು. ಈಗ ಯಾರೋ ಅವರ ತಲೆ ತುಂಬಿ ನನ್ನ ಮೇಲೆ ದೂರು ಕೊಡಿಸ್ಯಾರ. ನೀವು ಕುಡಿದಾಳ ಅಂತ ಬರೆದುಬಿಟ್ರೆ ಮನೆಯವರು ಮುಚ್ಚಿಟ್ರು ಅಂತ ಆಗ್ತದ. ನನಗೂ ಬಚಾವ್, ನಿಮಗೂ ಬಚಾವ್."

"ಸರ್, ಹಂಗೆ ಬರೆದ್ರೆ ಪೊಲೀಸರು ನಾಳೆ ಅವಳ ಗಂಡನ್ನ, ಅತ್ತೀನ್ನ ಎತ್ತಿಕೊಂಡು ಹೋಗ್ತಾರೆ. ಅವಳ ಹೊಟ್ಟೆಯಾಗ ಎಣ್ಣೆ ಇರಲಿಲ್ಲ. ತಲೆಯಾಗಿತ್ತು."

"ನೀವು ಸಣ್ಣವರಿದ್ದೀರಿ, ಯೋಚನೆ ಮಾಡ್ರಿ" ಎಂದು ಫೋನ್ ಇಟ್ಟರು.

ಮುಂದಿನ ವಾರ ನನ್ನ ಮೇಲೂ ಒಂದು ದೂರು ಬಂತು. ದೇವಿಗೆ ಬಿಟ್ಟ ಜಡೆಯನ್ನು ಮನೆಯವರು ಬೇಡವೆಂದರೂ ಕೊಯ್ದಿದ್ದಾಳೆ ಎಂದು ಊರಿನ ಕೆಲವರು ಸಹಿ ಮಾಡಿದ್ದರು. ಯಾರು ಬರೆಸಿದರು ಎಂದು ನನಗೆ ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ, ಆದ್ದರಿಂದ ಹೇಳುವುದಿಲ್ಲ. ಎರಡೂ ದೂರುಗಳ ವಿಚಾರಣೆ ಯಾದಗಿರಿಯಲ್ಲಿ ಒಂದೇ ದಿನ ಇಟ್ಟರು.

ಅಲ್ಲಿ ನಾನು ಹೇಳಿದ್ದು ಹೆಚ್ಚೇನಿಲ್ಲ. ರೋಗ ಗುರುತಿಸುವುದರಲ್ಲಿ ತಪ್ಪುವುದು ಯಾವ ವೈದ್ಯನಿಗೂ ಆಗುತ್ತದೆ, ಅದನ್ನು ನಾನು ಅಪರಾಧ ಎನ್ನುವುದಿಲ್ಲ. ಆದರೆ ರೆಪ್ಪೆ ಎತ್ತಿ ನೋಡಲಿಲ್ಲ. ತೊಯ್ದ ಬಟ್ಟೆ ತೆಗೆಸಲಿಲ್ಲ. ಉಸಿರು ಕೆಟ್ಟ ಮೇಲೆ ಪಕ್ಕದಲ್ಲೇ ಇರುವ ಸರ್ಕಾರಿ ಆಸ್ಪತ್ರೆಗೆ ಒಂದು ಫೋನ್ ಮಾಡಲಿಲ್ಲ, ಟಂಟಂ ಹತ್ತಿಸಿದರು. ಟೇಬಲ್ ಮೇಲೆ ಮಲಗಿಸಿಕೊಂಡ ರೋಗಿಯ ಹೊಣೆ ಅವಳನ್ನು ಬಾಗಿಲು ದಾಟಿಸಿದ ಕೂಡಲೇ ಮುಗಿಯುವುದಿಲ್ಲ, ಇನ್ನೊಬ್ಬ ವೈದ್ಯನ ಕೈಗೆ ಒಪ್ಪಿಸುವವರೆಗೂ ಇರುತ್ತದೆ. ಇಷ್ಟು ಹೇಳಿ ಕೂತೆ. ಜಡೆಯ ವಿಷಯಕ್ಕೆ, ಬೇರೆ ದಾರಿ ನೋಡಿದೆ, ಇರಲಿಲ್ಲ ಎಂದೆ.

ಫಲಿತಾಂಶ ಏನಾಯಿತು ಎಂದು ಕೇಳುವವರು ಇರುತ್ತಾರೆ, ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಆ ಆಸ್ಪತ್ರೆ ತುರ್ತು ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ತೋರಿದೆ ಎಂದು ವರದಿಯಾಯಿತು. ನನ್ನ ಮೇಲಿನ ದೂರನ್ನು ಕೈಬಿಟ್ಟರು. ಗಂಡನ ಮನೆಗೆ ಪೊಲೀಸರು ಹೋಗಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ವರದಿಯಲ್ಲ.

ಆ ದಿನ ಅವಳನ್ನೂ ಕರೆಸಿದ್ದರು. ನನ್ನ ನಂತರ ಒಳಗೆ ಬಂದಳು. ತೆಳ್ಳಗಾಗಿದ್ದಳು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ವಿಚಾರಣೆಯ ಅಧಿಕಾರಿ ನಮ್ಮ ಕಡೆಯವರೇ, ಅವಳ ಭಾಷೆಯಲ್ಲೇ ಕೇಳಿದರು.

"ಈ ಬಾಯಾರ ಮ್ಯಾಲ ನಿಂದೇನರ ತಕರಾರು ಅದ ಏನವ್ವಾ?"

"ಅದರಿ" ಎಂದಳು.

ಪ್ರಾಣ ಉಳಿಸಿದ್ದೇನೆ, ಕೈ ಮುಗಿಯುತ್ತಾಳೆ ಎಂದು ನಾನು ಒಳಗೊಳಗೇ ಎಣಿಸಿಕೊಂಡು ಬಂದಿದ್ದೆ.

"ಸಣ್ಣಾಕಿದ್ದಾಗಿಂದ ಬೆಳಸಿದ್ದರಿ ಅದು. ನನ್ನ ಕೇಳಲಾರದ ಕೊಯ್ದ್ರು. ಎಚ್ಚರಾಗಿ ಮುಟ್ಟಿ ನೋಡ್ಕೊಂಡ್ರ, ನನ್ನ ತಲಿನೇ ಇಲ್ಲೇನೋ ಅನಸ್ತು. ಈಗೂ ಕನ್ನಡಿ ಮುಂದ ನಿಂದ್ರಂಗಿಲ್ರಿ ನಾ."

ನಾನು ನೆಲ ನೋಡಿದೆ. ಕಾನೂನು ಹೇಳುವುದನ್ನೆಲ್ಲ ಬರೆದುಕೊಂಡು ಬಂದಿದ್ದೆ, ಆ ಹಾಳೆಯನ್ನು ಮಡಚಿ ಇಟ್ಟೆ.

"ಮತ್ತ ಈ ಡಾಕ್ಟರ್ ಮ್ಯಾಲ?" ಎಂದು ಅಧಿಕಾರಿ ಎದುರು ಕುರ್ಚಿಯಲ್ಲಿದ್ದ ಖಾಸಗಿ ಆಸ್ಪತ್ರೆಯ ವೈದ್ಯರನ್ನು ತೋರಿಸಿದರು.

ಅವಳು ಅವರನ್ನು ಬಹಳ ಹೊತ್ತು ನೋಡಿದಳು. "ಇವ್ರು ನನಗ ಏನೂ ಮಾಡಿಲ್ರಿ" ಎಂದಳು. ವೈದ್ಯರು ಕುರ್ಚಿಯಲ್ಲಿ ಸ್ವಲ್ಪ ಸಡಿಲವಾದರು. ಅವಳು ಸೆರಗು ಸರಿಮಾಡಿಕೊಂಡಳು. "ನಾ ಮಾತಾಡಾಕತ್ತಿದ್ದೆ ಆವಾಗ, ಎಚ್ಚರಿತ್ತು. ಇವ್ರು ಬಾಗಲದಾಗ ನಿಂತು, ಕುಡದಾಳೇನು ಅಂತ ನಮ್ಮತ್ತೀನ್ನ ಕೇಳಿ ಹೋದ್ರು. ನನ್ನ ಮಂಚದ ಹಂತ್ಯಾಕ ಬರಲೇ ಇಲ್ಲ. ಬಂದು ಕೇಳಿದ್ರ ನಾನೇ ಹೇಳ್ತಿದ್ನಿ, ತಲಿ ಉರ್ಯಾಕತ್ತದ ಅಂತ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾರ ಬಾಯಾರ ಮ್ಯಾಲಿನ ಸಿಟ್ಟು, ಅದನ್ನೇನು ಮಾಡೂದವ್ವಾ?"

"ಅದು ಇರ್ತದರಿ" ಎಂದಳು. ನಂತರ ಮೊದಲ ಸಲ ನನ್ನ ಕಡೆ ತಿರುಗಿದಳು. "ಸಿಟ್ಟಾಗಾಕ ನಾ ಉಳದೀನಲ್ರಿ."